ಬಿಳಿ ಮೇಲಂಗಿ

“ಹೋಂವರ್ಕ್ ಮಾಡಿದ್ಯಾ ಮಗಳೇ?” ಇಸ್ತ್ರಿಪೆಟ್ಟಿಗೆ ಕಾಯುತ್ತಿದ್ದಾಗ ಎಲಿಸೆಯೋ ಕೇಳಿದ. ಅವನು ಕೆಲಸ ಮುಗಿಸಿ ಮನೆಗೆ ಮರಳಿದ್ದು ಅಂದೇ; ಪತಗೋನಿಯಾದ ಕುರಿಹಟ್ಟಿಯಿಂದ ವರ್ಷವಿಡೀ, ಭಾನುವಾರದ ಫೋನಿನಲ್ಲಿ, ಮೊದಲು ಕೇಳುತ್ತಿದ್ದದ್ದು ಇದನ್ನೇ.

“ಮಾಡಿದೀನಪ್ಪಾ,” ಎಂದಳು ನೆಲಿದಾ, ಎಂದಿನಂತೆ.

“ಸುಳ್ಳಾದ್ರೆ ಕುರಿ ಥರ ಬೋಳಿಸ್ಬಿಡ್ತೀನಿ ನೋಡು. ನಾಳೆ ಶಾಲೆಗೆ ನಾನೇ ಕರ್ಕೊಂಡೋಗ್ತೀನಿ.” ನಗುತ್ತ ಕಪಾಟಿನಿಂದ ಅವಳ ಬಿಳಿ ಮೇಲಂಗಿ ತೆಗೆದ. ಅವರ ದೇಶದಲ್ಲಿ ಶಾಲೆಯ ಮಕ್ಕಳೆಲ್ಲ ಬಟ್ಟೆಯ ಮೇಲೆ ತೊಡುವ ಅಂಗಿ ಅದು. ಕಳೆದ ಬೇಸಿಗೆಯಲ್ಲಿ, ಹೊರಡುವ ಮುನ್ನ, ತಾನೇ ಗಂಜಿ ಹಾಕಿ ಮಡಿಸಿಟ್ಟಿದ್ದ. ಮಡಿಕೆ ಇನ್ನೂ ಗರಿಗರಿಯಾಗಿತ್ತು. “ಎಷ್ಟು ಜೋಪಾನವಾಗಿ ಇಟ್ಕೊಂಡಿದೀಯೇ! ಹಾಕ್ಕೋ, ನೋಡೋಣ.”

“ಬೆಳಿಗ್ಗೆ ಹಾಕ್ಕೋತೀನಪ್ಪಾ.”

“ಅಪ್ಪನ ಮುಂದೆ ಎಂಥಾ ನಾಚಿಕೆ? ಬಾ.”

ತೋಳುಗಳು ಮೊಣಕೈ ದಾಟಿದ ಕೂಡಲೇ ಮುಗಿದವು. ಬೆನ್ನ ಮೇಲಿನ ಗುಂಡಿಗಳು ಕಾಜಕ್ಕೆ ಎಟುಕಲಿಲ್ಲ. ಎಲಿಸೆಯೋ ಎಳೆದ, ಮತ್ತೊಮ್ಮೆ ಎಳೆದ. ಆಮೇಲೆ ಅವನ ಕೈ ನಿಂತಿತು.

“ಈ ವರ್ಷ ಒಂದು ದಿನಾನೂ ಹೋಗ್ಲಿಲ್ವಾ?”

“ನಾನು ಹೋದ್ರೆ ಅಮ್ಮನ್ನ ಯಾರಪ್ಪಾ ಎತ್ತಿ ಕೂರಿಸ್ತಾರೆ?”

ಒಳಕೋಣೆಯಲ್ಲಿ ಕೆಮ್ಮು ಶುರುವಾಯಿತು. ನೆಲಿದಾ ಅಂಗಿ ಬಿಚ್ಚದೆ ಓಡಿದಳು. ತಾಯಿಯ ಕಂಕುಳಿಗೆ ಕೈ ಕೊಟ್ಟು ಎತ್ತುವಾಗ ಅಂಗಿಯ ಭುಜದ ಹೊಲಿಗೆ ಪರ್ರನೆ ಹರಿಯಿತು.

ಎಲಿಸೆಯೋ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಿಟ್ಟ.