ಬೇಕರಿಯವನ ಸರದಿ

"ನರಳಿ, ಇನ್ನೂ ಸ್ವಲ್ಪ ಜೋರಾಗಿ ನರಳಿ! ಟೀಚರ್ ಮೆಟ್ಟಿಲು ಹತ್ತುತ್ತಿದ್ದಾರೆ," ಎನ್ನುತ್ತ ಹೆಂಡತಿ ಬೇಕರಿಯವನ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಮೂಲೆಯಲ್ಲಿ ತುಂಬಿಟ್ಟಿದ್ದ ದೊಡ್ಡ ಚೀಲವನ್ನು ಹೆಗಲಿಗೇರಿಸಿ ಹಿಂಬಾಗಿಲಿನಿಂದ ಜಾರಿಕೊಂಡಳು.

ಬೇಕರಿಯವ ನರಳಿದ. ಬೆಳಿಗ್ಗೆಯಷ್ಟೇ ಹಿಟ್ಟಿನ ಮೂಟೆ ಹೊತ್ತ ಆಸಾಮಿ, ಗುಂಡುಕಲ್ಲಿನ ಹಾಗಿದ್ದ. ಆದರೆ ಈ ಶನಿವಾರ ಕಾಯಿಲೆ ಬೀಳುವ ಸರದಿ ಅವನದು. ಹೋದ ವಾರ ದರ್ಜಿಗೆ ಸೊಂಟ ಹಿಡಿದಿತ್ತು. ಅದಕ್ಕೂ ಹಿಂದೆ ಔಷಧಿ ಅಂಗಡಿಯವನ ಅತ್ತೆಗೆ ತಲೆಸುತ್ತು ಬಂದಿತ್ತು. ಎಲ್ಲರೂ ಭಾನುವಾರ ಬೆಳಿಗ್ಗೆ ಪವಾಡವೆಂಬಂತೆ ಎದ್ದು ಚರ್ಚಿಗೆ ಬಂದಿದ್ದರು.

ಇಷ್ಟಕ್ಕೆಲ್ಲ ಕಾರಣ ಟೀಚರ್. ನಿವೃತ್ತರಾಗಿ ಈ ಊರಿಗೆ ಬಂದ ಹೆಂಗಸು. ಬೇರೆಲ್ಲೋ ಸಂಗೀತ ಕಲಿಸುತ್ತಿದ್ದರಂತೆ; ಆ ಮಕ್ಕಳ ಕಿವಿಯನ್ನು ದೇವರೇ ಕಾಪಾಡಬೇಕಿತ್ತು ಎಂದು ಊರೆಲ್ಲ ಮರುಗಿತ್ತು. ಆಕೆ ಪೀಠದ ಪಕ್ಕ ನಿಂತು ಬಾಯಿ ತೆರೆದರೆ ಗೋಡೆಯ ಮೇಲಿನ ಸಂತರೂ ಕಿವಿ ಮುಚ್ಚಿಕೊಳ್ಳಬೇಕು, ಹಾಗಿತ್ತು ಆ ಶಾರೀರ. ಹಾಡಬೇಡಿ ಎನ್ನೋಣವೆಂದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕ್ರೈಸ್ತ ಪ್ರೀತಿ ಅಡ್ಡ ಬರುತ್ತಿತ್ತು. ಸುಳ್ಳು ಹೇಳುವುದಕ್ಕೆ ಮಾತ್ರ ಆ ಪ್ರೀತಿ ಅಡ್ಡ ಬರಲಿಲ್ಲ.

ಯಾರು ಯಾವ ಸಾಲು ಹಾಡಬೇಕೆಂದು ಶನಿವಾರದ ಅಭ್ಯಾಸದಲ್ಲೇ ಹಂಚುತ್ತಾರೆ. ಅಲ್ಲಿ ಇಲ್ಲದವರು ಭಾನುವಾರ ಬಾಯಿ ಬಿಡುವಂತಿಲ್ಲ. ಟೀಚರಿಗೋ, ರೋಗಿಗಳ ಸೇವೆಯೆಂದರೆ ಪ್ರಾಣ. ಹಾಗಾಗಿ ಅಭ್ಯಾಸದ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಮಲಗುವುದು, ಟೀಚರಿಗೆ ಹೇಳಿ ಕಳುಹಿಸುವುದು. ಫಾದರಿಗೂ ಎಲ್ಲ ಗೊತ್ತಿತ್ತು. ಅವರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು.

ಬೇಕರಿಯವನ ಭಕ್ತಿಯೂ ಸಾಮಾನ್ಯದ್ದಲ್ಲ. ಮದುವೆಯಾದಾಗಿನಿಂದ ಚರ್ಚಿನ ಬಾಗಿಲ ಬಳಿಯೇ ನಿಂತು, "ಬ್ರೆಡ್ಡು ಸೀದುಹೋಗುತ್ತೆ" ಎಂದು ಕೊನೆಯ ಆಶೀರ್ವಾದಕ್ಕೆ ಮೊದಲೇ ಓಡಿದವನು. ಚರ್ಚಿಗಾಗಿ ಅವನು ಮಾಡುತ್ತಿರುವ ಮೊದಲ ಸೇವೆ ಇದೇ, ಮಲಗುವುದು.

ಆದರೆ ಇಂದು ಅವನ ಎದೆ ನಿಜಕ್ಕೂ ಹೊಡೆದುಕೊಳ್ಳುತ್ತಿತ್ತು. ನಾಳೆ ಬಿಷಪ್ ಬರುತ್ತಾರೆ. ಒಂಟಿಯಾಗಿ ಹಾಡುವ ಸಾಲನ್ನು ಇಂದಿನ ಅಭ್ಯಾಸದಲ್ಲಿ ಅವನ ಹೆಂಡತಿಗೇ ಕೊಡಬೇಕೆಂದು ಎಲ್ಲರೂ ಮೊದಲೇ ಮಾತಾಡಿಕೊಂಡಿದ್ದಾರೆ. ಇಷ್ಟು ವರ್ಷ ಒಲೆಯ ಮುಂದೆ ಗುನುಗಿದ್ದೇ ಆಕೆಯ ಕಛೇರಿ. ದನಿ ಏರುವ ಜಾಗದಲ್ಲಿ ಒಡೆಯುತ್ತದೆಂದು ನಿನ್ನೆ ಅತ್ತಿದ್ದಳು. ಈಗ ಟೀಚರ್ ಅಭ್ಯಾಸಕ್ಕೆ ಹೋದರೆ ಆ ಸಾಲು ಟೀಚರದ್ದೇ. ಅಭ್ಯಾಸ ಮುಗಿದು ಸಂಜೆಯ ಗಂಟೆ ಹೊಡೆಯುವವರೆಗೆ ಇವರನ್ನು ಬಿಡಬಾರದು, ಸತ್ತಾದರೂ ತಡೆಯಬೇಕು ಎಂದು ಅವನು ನಿಶ್ಚಯಿಸಿದ್ದ.

"ಎಲ್ಲಿ ನೋವು, ಬೇಕರಿಯವರೇ?"

"ಎದೆ," ಎಂದು ಅವನು ಹೊಟ್ಟೆ ಹಿಡಿದುಕೊಂಡ.

"ಪಾಪ, ಕೆಳಗಿಳೀತಾ ಇದೆ," ಎಂದು ಟೀಚರ್ ಕುರ್ಚಿ ಎಳೆದು ಕುಳಿತರು. "ನಾನು ಈ ಊರಿಗೆ ಬಂದಾಗ ಚರ್ಚಲ್ಲಿ ಹಾಡೋಕೆ ಒಂದು ನರಪಿಳ್ಳೆ ಇರ್ಲಿಲ್ಲ, ಗೊತ್ತಾ? ಮನೆಮನೆಗೆ ಹೋಗಿ ಕೈಮುಗಿದೆ. ನಿಮ್ಮ ಮನೆಗೂ ಬಂದಿದ್ದೆ."

"ಬ್ರೆಡ್ಡು ಒಲೇಲಿತ್ತು, ಟೀಚರ್."

"ಇದ್ದಿರಬೇಕು. ಆಮೇಲೆ ನಾನೇ ಹಾಡೋಕೆ ನಿಂತೆ ನೋಡಿ, ಒಬ್ಬೊಬ್ಬರೇ ಓಡಿ ಬಂದ್ರು. ಈಗ ಹಾಡೋರಿಗೆ ನಿಲ್ಲೋಕೂ ಜಾಗ ಇಲ್ಲ."

"ಎಲ್ಲಾ ದೇವರ ದಯೆ."

"ಅವನದ್ದೂ ಸ್ವಲ್ಪ ಇದೆ."

ಬೇಕರಿಯವ ನಗು ತಡೆಯಲು ಕಂಬಳಿ ಕಚ್ಚಿದ. ಟೀಚರ್ ನೀರು ಕಾಯಿಸಲು ಅಡುಗೆಮನೆಗೆ ಹೋದರು. ಎಲ್ಲಿ ಹಾಗೇ ಜಾರಿಬಿಡುತ್ತಾರೋ ಎಂದು ಅವನು ಕಿವಿ ನಿಮಿರಿಸಿದ.

ಆಗ ಅಡುಗೆಮನೆಯ ರೇಡಿಯೋ ಹಾಡತೊಡಗಿತು. ಅದೂ ನಾಳೆಯ ಹಾಡೇ! ಹೆಣ್ಣುದನಿ, ಆಗಷ್ಟೇ ಇಳಿಸಿದ ಬ್ರೆಡ್ಡಿನ ಹಾಗೆ ಬೆಚ್ಚಗೆ, ಮೆತ್ತಗೆ. ಹೆಂಡತಿ ಎಡವುವ ಆ ಏರು ಬಂದಾಗಲೆಲ್ಲ ಆ ದನಿ ತುಸು ಮೊದಲೇ ಉಸಿರು ಎಳೆದುಕೊಂಡು ಸಲೀಸಾಗಿ ಮೇಲೇರುತ್ತಿತ್ತು. ಬೇಕರಿಯವ ನರಳುವುದನ್ನೇ ಮರೆತ. ಕಣ್ಣಿನಿಂದ ನೀರಿಳಿಯಿತು.

"ನೋವು ಜಾಸ್ತಿ ಆಯ್ತಾ?" ಬಿಸಿನೀರಿನ ಲೋಟ ಹಿಡಿದು ಬಂದ ಟೀಚರ್ ಕೇಳಿದರು.

"ಇಲ್ಲ ಟೀಚರ್, ರೇಡಿಯೋ... ಎಂಥಾ ದನಿ! ಅಂಥವರೊಬ್ಬರು ನಮ್ಮ ಚರ್ಚಲ್ಲಿ ಇದ್ದಿದ್ರೆ..." ಎಂದವನು ನಾಲಿಗೆ ಕಚ್ಚಿಕೊಂಡ.

"ಇದ್ದಿದ್ರೆ ಏನಾಗ್ತಿತ್ತು? ಎಲ್ಲರೂ ಆರಾಮಾಗಿ ಕೂತು ಕೇಳ್ತಿದ್ರು. ಒಬ್ಬರೂ ಬಾಯಿ ಬಿಡ್ತಿರ್ಲಿಲ್ಲ."

ಹೊಟ್ಟೆಕಿಚ್ಚು ನೋಡು ಈಕೆಗೆ, ಎಂದುಕೊಂಡ ಬೇಕರಿಯವ.

ಚರ್ಚಿನ ಗಂಟೆ ಹೊಡೆಯಿತು. ಅವನು ನೆಮ್ಮದಿಯ ಉಸಿರು ಬಿಟ್ಟ. ಟೀಚರ್ ಎದ್ದು ಅವನ ಕಂಬಳಿ ಸರಿಪಡಿಸಿದರು.

"ಮುಂದಿನ ಶನಿವಾರ ಅಭ್ಯಾಸಕ್ಕೆ ಬಂದು ಹಾಡೋರ ಜೊತೆ ನಿಂತ್ಕೊಳ್ಳಿ. ಗಂಡಸರ ಕಡೆ ದಪ್ಪ ದನಿ ಕಡಿಮೆ ಇದೆ. ಆಗಿನಿಂದ ಕೇಳ್ತಿದ್ದೀನಿ, ಒಳ್ಳೇ ಶ್ರುತಿಯಲ್ಲಿ ನರಳ್ತೀರಿ."

ಅವರು ಹೋದ ಸ್ವಲ್ಪ ಹೊತ್ತಿಗೆ ಹೆಂಡತಿ ಮುಖ ಇಳಿಬಿಟ್ಟುಕೊಂಡು ಬಂದಳು. ಚೀಲವನ್ನು ಮಂಚದ ಮೇಲೆ ಇಟ್ಟಳು. "ಮತ್ತೆ ಅದೇ ಜಾಗದಲ್ಲಿ ಒಡೀತು ರೀ. ನನ್ನ ಕೈಲಾಗಲ್ಲ, ಬೇರೆಯವರಿಗೆ ಕೊಡಿ ಅಂತ ಹೇಳಿಬಿಡ್ತೀನಿ."

"ಹುಚ್ಚಿ! ಏರೋ ಮುಂಚೇನೇ ಉಸಿರು ತಗೊಂಡುಬಿಡು. ಎಲ್ಲಿ, ಈಗಲೇ ಹಾಡು ನೋಡೋಣ."

ಆಕೆ ಕೋಣೆಯ ನಡುವೆ ನಿಂತು ಹಾಡಿದಳು. ಏರು ಬಂತು. ದನಿ ಒಡೆಯಲಿಲ್ಲ. ಇಬ್ಬರೂ ಮಕ್ಕಳ ಹಾಗೆ ನಕ್ಕರು. ಆಕೆಗಂತೂ ಅಳುವೇ ಬಂದುಬಿಟ್ಟಿತು.

"ಹಿಟ್ಟು ನಾದೋ ನಿಮಗೆ ಇದೆಲ್ಲ ಯಾರು ಹೇಳಿಕೊಟ್ರು ರೀ?"

"ನಮ್ಮ ರೇಡಿಯೋ ಕಣೇ. ಟೀಚರ್ ನೀರು ಕಾಯಿಸ್ತಿದ್ದಾಗ ಅಡುಗೆಮನೇಲಿ ಯಾವಳೋ ಪುಣ್ಯಾತ್ಗಿತ್ತಿ ಹಾಡಿದ್ಲು."

ಹೆಂಡತಿ ಅವನ ಮುಖವನ್ನೇ ನೋಡುತ್ತ, ಹಾಡಿನ ಕ್ಯಾಸೆಟ್ ಹಾಕಲೆಂದು ಚರ್ಚಿಗೆ ಹೊತ್ತೊಯ್ದಿದ್ದ ಮನೆಯ ಒಂದೇ ಒಂದು ರೇಡಿಯೋವನ್ನು ಚೀಲದಿಂದ ತೆಗೆದು ಅವನ ತೊಡೆಯ ಮೇಲಿಟ್ಟಳು.