ಕಣ್ಣು ಬಿಟ್ಟ ಪ್ರಾರ್ಥನೆ

ಪಾಸ್ಟರ್ ಆಮೆನ್ ಎಂದು ಕಣ್ಣು ಬಿಡುವುದಕ್ಕೂ ಅತ್ತೆ ಬಾಯಿ ಬಿಡುವುದಕ್ಕೂ ಸರಿಹೋಯಿತು. "ಪ್ರಾರ್ಥನೆ ಟೈಮಲ್ಲೂ ಕಣ್ಣು ಮುಚ್ಚಲ್ವಲ್ಲಾ ಇವಳು! ನೀವೇ ಕೇಳಿ ಪಾಸ್ಟ್ರೇ. ಮಗು ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕು ತಿಂಗಳಾಯ್ತು, ಅವತ್ತಿಂದ ಇದೇ ಕಥೆ. ದೇವರ ಮುಂದೆ ಹೀಗೆ ಕೂತ್ರೆ ಉದ್ಧಾರ ಆಗೋದುಂಟಾ?"

ಸೊಸೆ ಮಂಚದ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಜಗಳ ಆಡುವುದಕ್ಕೂ ತ್ರಾಣ ಬೇಕು. ಮಂಚದ ಮೇಲೆ ಗುಬ್ಬಿ ಮಲಗಿತ್ತು. ಎಂಟು ತಿಂಗಳ ಕೂಸು, ನೋಡಿದವರು ಮೂರು ತಿಂಗಳಿನದು ಅನ್ನಬೇಕು. ಮೂಗಿನೊಳಗೆ ಹಾಲಿನ ನಳಿಕೆ, ಕೆನ್ನೆಯ ಮೇಲೆ ಅಂಟುಪಟ್ಟಿ, ಕಾಲಿನ ಹೆಬ್ಬೆರಳಿಗೆ ಸುತ್ತಿದ ವೈರು. ವೈರಿನ ಇನ್ನೊಂದು ತುದಿಗೆ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಅಂಗೈಯಗಲದ ಮೀಟರು. ಅಂಕಿ ತೊಂಬತ್ತರ ಮೇಲಿದ್ದರೆ ಚಿಂತೆಯಿಲ್ಲ. ಇಳಿದರೆ ಗುಬ್ಬಿ ಉಸಿರಾಡುವುದನ್ನು ಮರೆತಿದೆ ಎಂದರ್ಥ. ಅಂಗಾಲು ಉಜ್ಜಿದರೆ ಅದಕ್ಕೆ ನೆನಪಾಗುತ್ತದೆ. ಮೀಟರಿಗೆ ಕೂಗಿಕೊಳ್ಳುವ ಬಾಯಿಲ್ಲ, ಯಾರಾದರೂ ನೋಡುತ್ತಲೇ ಇರಬೇಕು. ಗಂಡ ಡ್ಯೂಟಿ ಮುಗಿಸಿ ಬರುವವರೆಗೆ ಆ 'ಯಾರಾದರೂ' ಎಂದರೆ ಸೊಸೆಯೇ.

"ಹೋಗ್ಲಿ ಬಿಡಮ್ಮ," ಎಂದರು ಪಾಸ್ಟರ್, ನೀರಿನ ಲೋಟ ಎತ್ತಿಕೊಳ್ಳುತ್ತಾ.

"ಏನು ಹೋಗ್ಲಿ? ನಾನು ಸುಳ್ಳು ಹೇಳ್ತಿಲ್ಲ. ಮೊದಲಿಂದ ಕೊನೆವರೆಗೂ ಪಿಳಿಪಿಳಿ ಅಂತ ಕಣ್ಣು ಬಿಟ್ಕೊಂಡೇ ಇದ್ಲು."

ಸೊಸೆ ಮೀಟರಿನಿಂದ ಮುಖ ತಿರುಗಿಸದೆ ಕೇಳಿದಳು. "ಮೊದಲಿಂದ ಕೊನೆವರೆಗೂನಾ? ಅದು ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

ಪಾಸ್ಟರಿಗೆ ಕುಡಿದ ನೀರು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡು, ನಗು ಬಂದದ್ದನ್ನೂ ಅದರಲ್ಲೇ ಒರೆಸಿಕೊಂಡು, "ನೋಡಿ, ಕಣ್ಣು ಮುಚ್ಚೋದು ಸಂಡೇ ಸ್ಕೂಲಿನ ರೂಲು. ಮಕ್ಕಳು ಪಕ್ಕದೋರನ್ನ ಚಿವುಟಬಾರದು ಅಂತ. ದೇವರೇನೂ ಅದನ್ನ ಕೇಳಿದ ಹಾಗಿಲ್ಲ," ಎಂದರು.

ಸೊಸೆಗೆ ನಗು ಬರಲಿಲ್ಲ. "ಮೊದಲ ವಾರ ಮುಚ್ಚಿದ್ದೆ ಪಾಸ್ಟರ್. ದೇವರೇ ನೋಡ್ಕೋತಾನೆ ಅಂತ ಒಂದರ್ಧ ನಿಮಿಷ. ಬಿಟ್ಟು ನೋಡಿದ್ರೆ ಅಂಕಿ ಅರವತ್ತೆಂಟು, ಮಗು ತುಟಿಯೆಲ್ಲಾ ನೀಲಿ. ಆಮೇಲೆ ನಂಗೆ ಧೈರ್ಯ ಬರ್ಲಿಲ್ಲ. ದೇವರ ಮೇಲೆ ಸಿಟ್ಟೇನಿಲ್ಲ. ಸಾಕಾಗಿದೆ, ಅಷ್ಟೇ. ತುಂಬಾ ಸಾಕಾಗಿದೆ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಎಂಬತ್ತಾರು," ಎಂದರು ಕೊನೆಗೆ.

"ಏನತ್ತೆ?"

"ಈಗ ಪಾಸ್ಟ್ರು ವಿಧವೆಯರಿಗೋಸ್ಕರ ಬೇಡ್ಕೊಳ್ಳೋವಾಗ ಎಂಬತ್ತಾರಕ್ಕೆ ಇಳೀತು. ನೀನು ಅಂಗಾಲು ಉಜ್ಜಿದೆ. ನಾನೂ ಕೈ ಚಾಚಿದ್ದೆ, ನೀನೇ ಮುಂದಾದೆ."

ಸೊಸೆ ಮೊದಲ ಬಾರಿಗೆ ಮೀಟರು ಬಿಟ್ಟು ಅತ್ತೆಯ ಮುಖ ನೋಡಿದಳು. ಒಂದೇ ಕ್ಷಣ, ಮತ್ತೆ ಮೀಟರು. "ನಿಮಗೆ ಇದು ನೋಡೋಕೆ ಬರುತ್ತಾ?"

"ಅಂಕಿ ಓದೋಕೆ ಡಾಕ್ಟರ್ ಓದ್ಬೇಕೇನೇ? ನಾಲ್ಕು ತಿಂಗಳಿಂದ ಇದೇ ಮನೇಲಿ ಇದ್ದೀನಿ."

"ಹಾಗಿದ್ಮೇಲೆ ನನ್ನ ಮೇಲೆ ದೂರು ಯಾಕೆ ಹೇಳಿದ್ರಿ?"

"ಇನ್ನೇನು ಮಾಡ್ಲಿ ಮತ್ತೆ? ನೆಟ್ಟಗೆ ಮಲಕ್ಕೋ ಅಂದ್ರೆ ಕೇಳ್ತೀಯಾ? ಮಗೂನ ಮುಟ್ಟೋಕೆ ಬಂದ್ರೆ 'ಬೇಡ ಅತ್ತೆ, ನಾನೇ' ಅಂತೀಯ. ನಿನ್ನ ಮುಖ ನೋಡು, ಹಿಂಡಿ ಹಾಕಿದ ಬಟ್ಟೆ ಆಗಿದೆ. ದೇವರ ಹೆಸರು ಹೇಳಿ ಹೆದರಿಸಿದ್ರಾದ್ರೂ ಒಂದ್ನಿಮಿಷ ಕಣ್ಣು ಮುಚ್ತೀಯೇನೋ ಅಂತ..." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಅದಕ್ಕೆ ಅವರಿಗೇ ನಾಚಿಕೆಯಾಗಿ ಪಾಸ್ಟರ್ ಕಡೆ ತಿರುಗಿ ಗದರಿದರು. "ಇನ್ನೊಂದ್ಸಲ ಪ್ರಾರ್ಥನೆ ಮಾಡಿ ನೀವು. ಈ ಸಲ ಇವಳು ಮುಚ್ಚಲಿ. ನಾನು ಬಿಟ್ಕೊಂಡಿರ್ತೀನಿ."

ಮಂಚದ ಆ ಬದಿಗೆ ಬಂದು ಕೂತು, ಗುಬ್ಬಿಯ ಅಂಗಾಲಿಗೆ ಹೆಬ್ಬೆರಳು ಒತ್ತಿಟ್ಟರು. ಸೊಸೆಯ ಕೈ ಅಲ್ಲೇ ಇತ್ತು. ಹಿಂದಕ್ಕೆ ತೆಗೆದುಕೊಳ್ಳುವುದೋ ಬೇಡವೋ ಎಂದು ಅದಕ್ಕೇ ತಿಳಿಯಲಿಲ್ಲ. ಮೀಟರು ತೊಂಬತ್ಮೂರು ತೋರಿಸಿತು, ಹಾಗೇ ನಿಂತಿತು. ಸೊಸೆ ಕೈ ತೆಗೆದಳು. ಗೋಡೆಗೆ ಒರಗಿದಳು. ಕಣ್ಣು ಮುಚ್ಚಿದಳು.

ಪಾಸ್ಟರ್ ತಗ್ಗಿದ ದನಿಯಲ್ಲಿ ಆದಾಮನನ್ನು ಉಂಟುಮಾಡಿದ ದೇವರಿಂದ ಆರಂಭಿಸಿ, ರೋಗಿಗಳು, ಅನಾಥರು, ಪ್ರಯಾಣಿಕರನ್ನೆಲ್ಲ ದಾಟಿ, ಈ ಮನೆಗೂ ಈ ಕೂಸಿಗೂ ಬಂದು, "ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ" ಎನ್ನುವಷ್ಟರಲ್ಲಿ ಸಣ್ಣದೊಂದು ಗೊರಕೆ ಕೇಳಿಸಿತು. ಒಂದು ಕಣ್ಣು ತೆರೆದು ನೋಡಿದರು. ಸೊಸೆಯ ಕತ್ತು ಪಕ್ಕಕ್ಕೆ ವಾಲಿತ್ತು, ಬಾಯಿ ಅರ್ಧ ತೆರೆದಿತ್ತು. ಇನ್ನೇನು ಆಮೆನ್ ಅನ್ನಬೇಕು, ಅತ್ತೆ ತುಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ತಡೆದರು. ಬಸ್ಸಿನಲ್ಲಿ ನಿದ್ದೆ ಹೋದವರು ಬಸ್ಸು ನಿಂತ ಕೂಡಲೇ ಎದ್ದುಬಿಡುತ್ತಾರೆ. ಮುಂದುವರಿಸಿ, ಮುಂದುವರಿಸಿ ಎಂದು ಅತ್ತೆಯ ಇನ್ನೊಂದು ಕೈ ಗಾಳಿಯಲ್ಲಿ ತಿರುಗಿತು.

ಬೇಡಿಕೊಳ್ಳುವುದಕ್ಕೆ ಪಾಸ್ಟರ್ ಬಳಿ ಇನ್ನೇನೂ ಉಳಿದಿರಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಆದಾಮನಿಂದ ಶುರು ಮಾಡಿದರು, ಎರಡೂ ಕಣ್ಣುಗಳನ್ನು ಮೀಟರಿನ ಮೇಲೆ ನೆಟ್ಟುಕೊಂಡು.