ಒತ್ತಿದ ಕೂಡಲೇ ಫೋಟೊ ಬರುವ ಕ್ಯಾಮೆರಾ

ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಮಗಳು ಕ್ಯಾಮೆರಾ ಹಿಡಿದು ಬಂದು ಸೆರಗು ಎಳೆದಳು. ಒತ್ತಿದ ಕೂಡಲೇ ಫೋಟೊ ಹೊರಗೆ ಬರುವ ಹಳೆಯ ಕ್ಯಾಮೆರಾ ಅದು, ಫಿಲ್ಮ್ ಮುಗಿದಿತ್ತು.

"ಇವತ್ತಾದ್ರೂ ಫಿಲ್ಮ್ ತರ್ತೀಯಾ?"

"ಎಲ್ಲೂ ಸಿಗ್ತಿಲ್ಲ ಪುಟ್ಟಿ. ಸ್ಟುಡಿಯೋದವ್ರು ಇನ್ನೂ ಅದನ್ನ ಇಟ್ಕೊಂಡಿದ್ದೀರಾ ಅಂತ ನಗ್ತಾರೆ."

ಅಷ್ಟರಲ್ಲಿ ದೋಸೆ ಸೀದುಹೋಯಿತು. ಕಾವಲಿ ಕೆರೆಯುತ್ತಾ ಫೋನನ್ನು ಅವಳ ಕೈಗೆ ತುರುಕಿದೆ.

"ತಗೋ, ಇದ್ರಲ್ಲಿ ಎಷ್ಟು ಬೇಕಾದ್ರೂ ತೆಗಿ. ಆ ಡಬ್ಬಾನೇ ಯಾಕೆ ಬೇಕು ನಿಂಗೆ?"

ಅವಳು ಫೋನನ್ನು ಕಟ್ಟೆಯ ಮೇಲಿಟ್ಟಳು. ಕ್ಯಾಮೆರಾ ಮಾತ್ರ ಬಿಡಲಿಲ್ಲ.

"ಅಪ್ಪ ಮನೆ ಬಿಟ್ಟು ಹೋದಾಗ ನೀನು ಫೋನಲ್ಲಿದ್ದ ಅವರ ಫೋಟೊ ಎಲ್ಲ ಅಳಿಸಿಬಿಟ್ಟೆ. ನನ್ನ ಮೇಲೆ ಸಿಟ್ಟು ಬಂದ್ರೆ ನನ್ನನ್ನೂ ಅಳಿಸ್ತೀಯಾ, ಅಮ್ಮಾ?"